ನೆಲದಡಿಯ ತೈಲ ಮತ್ತು ಷೇರುದಾರನ ಪಾಲು

ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳ ಪೈಕಿ ಸಣ್ಣ ತೈಲ ಮತ್ತು ಅನಿಲ ಉತ್ಪಾದಕರದು ಒಂದು ಪ್ರತ್ಯೇಕ ವರ್ಗ. ಸಿಮೆಂಟ್ ಕಂಪನಿಯ ಕಾರ್ಖಾನೆಯನ್ನಾಗಲಿ ಬ್ಯಾಂಕಿನ ಠೇವಣಿಯನ್ನಾಗಲಿ ಲೆಕ್ಕಪತ್ರಗಳ ಸಹಾಯದಿಂದ ಹೆಚ್ಚುಕಡಿಮೆ ಅಳೆಯಬಹುದು. ತೈಲ ಕಂಪನಿಯ ಮುಖ್ಯ ಆಸ್ತಿಯಾದರೋ ನೆಲದಡಿ ಬಹು ಆಳದ ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಅದು ಎಷ್ಟಿದೆ ಎಂಬುದನ್ನು ಕಂಪನಿಯ ಅಧ್ಯಕ್ಷರೂ ಅಂದಾಜಿನಿಂದಲೇ ಹೇಳಬೇಕಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಈ ಅಂದಾಜಿನ ಏರುಪೇರುಗಳು ನೂರಾರು ಬಾವಿಗಳ ನಡುವೆ ಹಂಚಿಹೋಗಿ ಒಂದಕ್ಕೊಂದು ಸರಿದೂಗುತ್ತವೆ. ಒಂದೋ ಎರಡೋ ತೈಲಕ್ಷೇತ್ರಗಳನ್ನು ನೆಚ್ಚಿಕೊಂಡ ಸಣ್ಣ ಕಂಪನಿಗೆ ಆ ಅನುಕೂಲವಿಲ್ಲ. ಅಲ್ಲಿ ಒಂದು ಬಾವಿಯ ಫಲಿತಾಂಶವೇ ಕಂಪನಿಯ ಫಲಿತಾಂಶವಾಗುತ್ತದೆ.

ಭಾರತದಲ್ಲಿ 2020ರ ಮಾರ್ಚ್ ವೇಳೆಗೆ ಸುಮಾರು ನಾಲ್ಕು ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳ ಸಂಖ್ಯೆ 2024ರ ಮಾರ್ಚ್ ಹೊತ್ತಿಗೆ 15 ಕೋಟಿಯನ್ನು ದಾಟಿತು. ಹೀಗೆ ಹೊಸದಾಗಿ ಪೇಟೆಗೆ ಬಂದವರಲ್ಲಿ ಹಲವರು ಮೊದಲು ಹೆಸರಾಂತ ಕಂಪನಿಗಳ ಷೇರು ಕೊಂಡು, ಕ್ರಮೇಣ ಬೇಗ ಬೆಳೆಯಬಹುದೆಂಬ ನಿರೀಕ್ಷೆಯಿಂದ ಸಣ್ಣ ಕಂಪನಿಗಳತ್ತ ಹೊರಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಪ್ರವೃತ್ತಿ. ಸಣ್ಣ ತೈಲ ಕಂಪನಿಗಳ ವಿಷಯದಲ್ಲಿ ಈ ಪ್ರವೃತ್ತಿ ಅತ್ಯಂತ ತೀವ್ರವಾಗಿ ಕಾಣಿಸಿಕೊಂಡದ್ದು ಬ್ರಿಟನ್ನಿನಲ್ಲಿ. ಅಲ್ಲಿನ ಅನುಭವ ಚೆನ್ನಾಗಿ ದಾಖಲಾಗಿರುವುದರಿಂದ ಈ ಭಾಷಣದ ಮುಖ್ಯ ಉದಾಹರಣೆಯನ್ನು ಅಲ್ಲಿಂದಲೇ ಆಯ್ದುಕೊಳ್ಳಲಾಗಿದ್ದು, ಭಾರತದ ಪರಿಸ್ಥಿತಿಯನ್ನು ಅನಂತರ ಪರಿಶೀಲಿಸಲಾಗಿದೆ.

ಲಂಡನ್ ಷೇರು ವಿನಿಮಯ ಕೇಂದ್ರವು 1995ರ ಜೂನ್ ತಿಂಗಳಲ್ಲಿ ಸಣ್ಣ ಕಂಪನಿಗಳಿಗಾಗಿ 'ಏಮ್' ಎಂಬ ಹೆಸರಿನ ಉಪಪೇಟೆಯೊಂದನ್ನು ತೆರೆಯಿತು. ಮುಖ್ಯ ಪೇಟೆಗೆ ಹೋಲಿಸಿದರೆ ಇಲ್ಲಿ ನಿಯಮಗಳು ಸಡಿಲ. ವರ್ಷಗಟ್ಟಲೆ ಲಾಭ ಗಳಿಸಿ ತೋರಿಸಬೇಕೆಂಬ ಕಟ್ಟಳೆಯಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕಚ್ಚಾ ತೈಲದ ಬೆಲೆ ಏರತೊಡಗಿ 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟುವ ಹೊತ್ತಿಗೆ, ಆಫ್ರಿಕಾದಿಂದ ದಕ್ಷಿಣ ಅಟ್ಲಾಂಟಿಕ್ ಸಾಗರದವರೆಗೆ ತೈಲ ಹುಡುಕುತ್ತಿದ್ದ ಹಲವಾರು ಕಂಪನಿಗಳು ಈ ಪೇಟೆಯಲ್ಲಿ ಬಂಡವಾಳ ಎತ್ತಿದ್ದವು. ಬ್ಯಾರೆಲ್ ಎಂದರೆ ಸುಮಾರು 159 ಲೀಟರ್; ತೈಲ ವ್ಯಾಪಾರದ ಎಲ್ಲ ಲೆಕ್ಕವೂ ಇದೇ ಅಳತೆಯಲ್ಲಿ ನಡೆಯುತ್ತದೆ. ಇಂಥ ಕಂಪನಿಗಳ ಷೇರುಗಳನ್ನು ಕೊಂಡವರಲ್ಲಿ ಪಿಂಚಣಿ ನಿಧಿಗಳಿಗಿಂತ ಹೆಚ್ಚಾಗಿ ತಮ್ಮ ಸ್ವಂತ ಉಳಿತಾಯವನ್ನು ತಾವೇ ತೊಡಗಿಸುವ ಬಿಡಿ ಹೂಡಿಕೆದಾರರು ಇರುತ್ತಿದ್ದರು. ಅವರಲ್ಲಿ ಅನೇಕರು ಭೂವಿಜ್ಞಾನದ ಪರಿಭಾಷೆಯನ್ನು ಕಲಿತು, ಬಾವಿ ಕೊರೆಯುವ ಯಂತ್ರ ಇಂದು ಎಲ್ಲಿದೆ, ನಾಳೆ ಎಷ್ಟು ಆಳ ತಲುಪಬಹುದು ಎಂದು ದಿನವೂ ಗಮನಿಸುತ್ತಿದ್ದರು.

ಈ ಗಮನಕ್ಕೆ ಸಿಗುತ್ತಿದ್ದ ಪ್ರತಿಫಲ ಎಂಥದೆಂಬುದನ್ನು 2010ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಉತ್ತರದ ಕಡಲಿನಲ್ಲಿ ನಡೆದ ಎರಡು ಘಟನೆಗಳು ತೋರಿಸುತ್ತವೆ. ಆ ವರ್ಷದ ಮೇ ತಿಂಗಳಲ್ಲಿ ರಾಕ್‌ಹಾಪರ್ ಎಂಬ ಸಣ್ಣ ಕಂಪನಿ 'ಸೀ ಲಯನ್' ಎಂಬ ಜಾಗದಲ್ಲಿ ತೈಲ ಪತ್ತೆಯಾಗಿದೆ ಎಂದು ಪ್ರಕಟಿಸಿದಾಗ ಅದರ ಷೇರಿನ ಬೆಲೆ ಒಂದೇ ದಿನದಲ್ಲಿ ಇಮ್ಮಡಿಗೂ ಮಿಕ್ಕಿ ಏರಿತು. ಅದೇ ವರ್ಷ ಡಿಸೆಂಬರ್ 2ರಂದು ಅದೇ ಕಡಲಿನ ಇನ್ನೊಂದು ಕಂಪನಿಯಾದ ಡಿಸೈರ್ ಪೆಟ್ರೋಲಿಯಂ ತನ್ನ ಬಾವಿಯಲ್ಲೂ ತೈಲ ಸಿಕ್ಕಿದೆ ಎಂದಿತು. ಡಿಸೆಂಬರ್ 6ರಂದು, ಹೆಚ್ಚಿನ ಪರೀಕ್ಷೆಯ ನಂತರ, ಅಲ್ಲಿರುವುದು ಬಹುಪಾಲು ನೀರೇ ಎಂದು ಅದೇ ಕಂಪನಿ ತಿದ್ದುಪಡಿ ನೀಡಬೇಕಾಯಿತು. ಷೇರು ಸುಮಾರು ಅರ್ಧ ಬೆಲೆ ಕಳೆದುಕೊಂಡಿತು. ಬಾವಿಯೊಳಗೆ ಇಳಿಸಿದ ಉಪಕರಣಗಳು ಕಳುಹಿಸುವ ವಿದ್ಯುತ್ ಮತ್ತು ಧ್ವನಿ ಸಂಕೇತಗಳಿಂದ ಬಂಡೆಯಲ್ಲಿರುವುದು ತೈಲವೋ ನೀರೋ ಎಂದು ಮೊದಲು ಊಹಿಸಲಾಗುತ್ತದೆ; ಬಂಡೆಯ ದ್ರವವನ್ನು ಮಾದರಿಯಾಗಿ ಮೇಲೆ ತಂದು ಪರೀಕ್ಷಿಸಿದ ಮೇಲಷ್ಟೇ ಊಹೆ ಖಚಿತವಾಗುತ್ತದೆ. ಈ ಎರಡು ಹಂತಗಳ ನಡುವಿನ ಪ್ರಕಟಣೆಯನ್ನು ನಂಬಿ ಷೇರು ಕೊಂಡವರು ನಷ್ಟಕ್ಕೆ ಗುರಿಯಾದರು. ನಿಜವಾಗಿಯೂ ತೈಲ ಸಿಕ್ಕ ಸೀ ಲಯನ್‌ನ ಕಥೆಯೂ ಸುಲಭವಾಗಿರಲಿಲ್ಲ. ದೂರದ ಕಡಲು, ಭಾರೀ ವೆಚ್ಚ, ಪಾಲುದಾರ ಕಂಪನಿಗಳ ಬದಲಾವಣೆ ಮತ್ತು 2014ರ ನಂತರದ ಬೆಲೆ ಕುಸಿತದ ಕಾರಣದಿಂದ, ತೈಲ ಪತ್ತೆಯಾಗಿ 15 ವರ್ಷ ಕಳೆದರೂ ಆ ಕ್ಷೇತ್ರದಿಂದ ಒಂದು ಬ್ಯಾರೆಲ್ ಕೂಡ ಮಾರುಕಟ್ಟೆಗೆ ಬಂದಿರಲಿಲ್ಲ.

ಹುಡುಕಾಟದ ಹಂತದ ಕಂಪನಿಯಲ್ಲಿ ಹಣ ತೊಡಗಿಸುವುದು ಒಂದು ಬಗೆಯ ಪಂದ್ಯ ಎಂಬುದು ಈ ಘಟನೆಗಳಿಂದ ವಿಶದವಾಗುತ್ತದೆ. ಆದರೆ ಈಗಾಗಲೇ ತೈಲ ತೆಗೆದು ಮಾರುತ್ತಿರುವ ಕಂಪನಿಯಲ್ಲಿಯೂ ಹೂಡಿಕೆದಾರನ ಕಷ್ಟ ಮುಗಿಯುವುದಿಲ್ಲ. ನೆಲದಡಿಯ ತೈಲಕ್ಕೂ ಷೇರುದಾರನ ಕೈಸೇರುವ ಹಣಕ್ಕೂ ನಡುವೆ ಮೂರು ಅಂತರಗಳಿವೆ: ಬಂಡೆಯಲ್ಲಿರುವ ತೈಲಕ್ಕೂ ಮೇಲೆತ್ತಲು ಸಾಧ್ಯವಾಗುವ ತೈಲಕ್ಕೂ ಇರುವ ಅಂತರ ಮೊದಲನೆಯದು, ಮೇಲೆತ್ತಿದ ತೈಲಕ್ಕೂ ಕಂಪನಿಯ ಬೊಕ್ಕಸಕ್ಕೆ ಬರುವ ಹಣಕ್ಕೂ ಇರುವ ಅಂತರ ಎರಡನೆಯದು, ಕಂಪನಿಯ ಹಣಕ್ಕೂ ಷೇರುದಾರನ ಪಾಲಿಗೂ ಇರುವ ಅಂತರ ಮೂರನೆಯದು. ಈ ಮೂರನ್ನೂ ಒಂದೇ ಕಂಪನಿಯ ಚರಿತ್ರೆಯಲ್ಲಿ ಕಾಣಬೇಕಾದರೆ ಇರಾಕಿನ ಕುರ್ದಿಸ್ತಾನ ಪ್ರಾಂತದಲ್ಲಿ ಶೈಕಾನ್ ತೈಲಕ್ಷೇತ್ರವನ್ನು ನಡೆಸುತ್ತಿರುವ ಗಲ್ಫ್ ಕೀಸ್ಟೋನ್ ಪೆಟ್ರೋಲಿಯಂ ಕಂಪನಿಗಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ.

ಬರ್ಮುಡಾದಲ್ಲಿ ನೋಂದಣಿಯಾಗಿ 2004ರಲ್ಲಿ ಏಮ್ ಪೇಟೆಗೆ ಬಂದ ಈ ಕಂಪನಿ ಮೊದಲು ಅಲ್ಜೀರಿಯಾದಲ್ಲಿ ಕೆಲಸ ಮಾಡುತ್ತಿದ್ದು, 2007ರಲ್ಲಿ ಕುರ್ದಿಸ್ತಾನದ ಪ್ರಾಂತೀಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಾಗ್ದಾದಿನ ಕೇಂದ್ರ ಸರ್ಕಾರವು ಇಂಥ ಒಪ್ಪಂದಗಳನ್ನು ಮಾನ್ಯ ಮಾಡದಿದ್ದುದರಿಂದ ಜಗತ್ತಿನ ದೊಡ್ಡ ತೈಲ ಕಂಪನಿಗಳು ಆಗ ಹಿಂದೇಟು ಹಾಕುತ್ತಿದ್ದವು. ಸಣ್ಣ ಕಂಪನಿಗಳಿಗೆ ಅವಕಾಶ ದೊರೆತದ್ದು ಈ ಕಾರಣದಿಂದಲೇ. 2009ರ ಆಗಸ್ಟ್‌ನಲ್ಲಿ ಶೈಕಾನ್‌ನ ಮೊದಲ ಬಾವಿಯಲ್ಲಿ ತೈಲ ಸಿಕ್ಕಿತು. ಮುಂದಿನ ಪ್ರತಿ ಬಾವಿಯ ನಂತರವೂ ಕ್ಷೇತ್ರದ ಗಾತ್ರದ ಅಂದಾಜು ಏರುತ್ತ ಹೋಗಿ, 2012ರಲ್ಲಿ ಅಲ್ಲಿ ಸರಾಸರಿ 1,370 ಕೋಟಿ ಬ್ಯಾರೆಲ್ ತೈಲವಿದೆ ಎಂಬ ಅಂಕಿ ಪ್ರಕಟವಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ದೊಡ್ಡ ಕಂಪನಿಯೊಂದು ಇದನ್ನು ಕೊಂಡುಕೊಳ್ಳಲಿದೆ ಎಂಬ ವದಂತಿಯ ನಡುವೆ, ಷೇರಿನ ಬೆಲೆ 400 ಪೆನ್ಸ್ ದಾಟಿತ್ತು. ಪತ್ತೆಗೆ ಮೊದಲು ಕೆಲವೇ ಪೆನ್ಸ್‌ಗಳಿಗೆ ಸಿಗುತ್ತಿದ್ದ ಷೇರು ಇದು.

ಇಲ್ಲಿ ಮೊದಲನೆಯ ಅಂತರವನ್ನು ವಿವರಿಸಬೇಕಾಗುತ್ತದೆ. ನೆಲದಡಿಯಲ್ಲಿ ತೈಲವು ಕೆರೆಯಂತೆ ನಿಂತಿರುವುದಿಲ್ಲ. ನೆನೆಸಿದ ಇಟ್ಟಿಗೆಯಲ್ಲಿ ನೀರು ಹೇಗೋ ಹಾಗೆ ಬಂಡೆಯ ರಂಧ್ರಗಳಲ್ಲಿಯೂ ಬಿರುಕುಗಳಲ್ಲಿಯೂ ಸೇರಿಕೊಂಡಿರುತ್ತದೆ. ಆದ್ದರಿಂದ ಇರುವುದೆಲ್ಲ ಮೇಲೆ ಬರುವುದಿಲ್ಲ. ತೈಲ ಗಟ್ಟಿಯಾಗಿದ್ದಷ್ಟೂ, ರಂಧ್ರಗಳ ನಡುವಿನ ಸಂಪರ್ಕ ಕಡಿಮೆಯಿದ್ದಷ್ಟೂ, ಮೇಲೆ ಬರುವ ಭಾಗ ಕಿರಿದಾಗುತ್ತದೆ. ಬಂಡೆಯಲ್ಲಿ ಒಟ್ಟು ಇರುವುದನ್ನು 'ಸ್ಥಳದಲ್ಲಿರುವ ತೈಲ' ಎಂದೂ, ಇಂದಿನ ತಂತ್ರಜ್ಞಾನದಿಂದ, ಇಂದಿನ ಬೆಲೆಯಲ್ಲಿ, ಮಂಜೂರಾದ ಯೋಜನೆಯೊಂದರ ಮೂಲಕ ಲಾಭದಾಯಕವಾಗಿ ತೆಗೆಯಬಲ್ಲ ಭಾಗವನ್ನು 'ನಿಕ್ಷೇಪ' ಎಂದೂ ಈ ಉದ್ಯಮ ಕರೆಯುತ್ತದೆ. ಪೆಟ್ರೋಲಿಯಂ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು ಇತರ ಸಂಸ್ಥೆಗಳೊಡನೆ 2007ರಲ್ಲಿ ರೂಪಿಸಿದ ವರ್ಗೀಕರಣದ ಪ್ರಕಾರ ನಿಕ್ಷೇಪಗಳಲ್ಲಿ ಮೂರು ದರ್ಜೆಗಳಿವೆ. ಅಷ್ಟಾದರೂ ಸಿಗುವ ಸಂಭವ ಶೇಕಡ 90ರಷ್ಟಿದ್ದರೆ ಅದು ಖಚಿತ ನಿಕ್ಷೇಪ ಅಥವಾ 1ಪಿ. ಸಂಭವ ಶೇಕಡ 50ರಷ್ಟಿದ್ದರೆ ಖಚಿತ ಮತ್ತು ಸಂಭಾವ್ಯ ಸೇರಿದ 2ಪಿ. ಸಂಭವ ಬರೀ ಶೇಕಡ 10ರಷ್ಟಿದ್ದರೆ 3ಪಿ. ಯೋಜನೆಯಾಗಲಿ ಮಾರುಕಟ್ಟೆಯಾಗಲಿ ಇನ್ನೂ ನಿಶ್ಚಯವಾಗದೆ ಇರುವ ತೈಲಕ್ಕೆ 'ಷರತ್ತಿನ ಸಂಪನ್ಮೂಲ' ಎಂದೂ, ಬಾವಿಯನ್ನೇ ಕೊರೆಯದೆ ಲೆಕ್ಕ ಹಾಕಿದ್ದಕ್ಕೆ 'ನಿರೀಕ್ಷಿತ ಸಂಪನ್ಮೂಲ' ಎಂದೂ ಬೇರೆ ಹೆಸರುಗಳಿವೆ. ಈ ಐದು ಹೆಸರುಗಳ ವ್ಯತ್ಯಾಸವನ್ನು ಅರಿಯದೆ ಕಂಪನಿಯ ಪ್ರಕಟಣೆಯನ್ನು ಓದುವವನು ಅತಿ ದೊಡ್ಡ ಅಂಕಿಯನ್ನೇ ಕಂಪನಿಯ ಆಸ್ತಿ ಎಂದು ಭಾವಿಸುವ ಅಪಾಯವಿದೆ.

ಶೈಕಾನ್‌ನಲ್ಲಿ ಆದದ್ದೂ ಇದೇ. ಕಂಪನಿ ಮುಖ್ಯ ಪೇಟೆಗೆ ಸ್ಥಳಾಂತರಗೊಳ್ಳುವ ಸಂದರ್ಭದಲ್ಲಿ, 2014ರ ಮಾರ್ಚ್‌ನಲ್ಲಿ, ಸ್ವತಂತ್ರ ತಜ್ಞರ ವರದಿಯೊಂದನ್ನು ಪ್ರಕಟಿಸಬೇಕಾಯಿತು. ಅದರಲ್ಲಿ ಇಡೀ ಕ್ಷೇತ್ರದ 2ಪಿ ನಿಕ್ಷೇಪ 29.9 ಕೋಟಿ ಬ್ಯಾರೆಲ್ ಎಂದಿತ್ತು. ಎರಡು ವರ್ಷಗಳ ಹಿಂದೆ ಹೂಡಿಕೆದಾರರು ಬಾಯಿಪಾಠ ಮಾಡಿಕೊಂಡಿದ್ದ 1,370 ಕೋಟಿಗೂ ಈ 29.9 ಕೋಟಿಗೂ ತಾಂತ್ರಿಕವಾಗಿ ನೇರ ವಿರೋಧವಿಲ್ಲ. ಮೊದಲನೆಯದು ಬಂಡೆಯಲ್ಲಿರುವುದರ ಅಂದಾಜು, ಎರಡನೆಯದು ಆಗ ಕೈಗೊಂಡಿದ್ದ ಯೋಜನೆಯಿಂದ ತೆಗೆಯಬಲ್ಲದ್ದರ ಅಂದಾಜು. ಆದರೆ ಎರಡನೆಯದು ಮೊದಲನೆಯದರ ಶೇಕಡ ಎರಡಕ್ಕಿಂತ ಸ್ವಲ್ಪವೇ ಹೆಚ್ಚು ಎಂಬುದನ್ನು ಪೇಟೆ ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡಾಗ ಷೇರಿನ ಬೆಲೆ ಕುಸಿಯಿತು. ಈ ಅಂದಾಜನ್ನು ಮಾಡಿದ ತಜ್ಞರನ್ನು ದೂರಿದವರೂ ಇದ್ದರು. ಆದರೆ ಬಿರುಕುಬಿಟ್ಟ ಸುಣ್ಣಶಿಲೆಯಲ್ಲಿ ಸೇರಿಕೊಂಡಿರುವ, ಗಂಧಕ ಹೆಚ್ಚಿರುವ, ಸಾಂದ್ರವಾದ ಆ ತೈಲದ ಸ್ವಭಾವವೇ ಅಂಥದು.

ಎರಡನೆಯ ಅಂತರ ಒಪ್ಪಂದದಲ್ಲಿಯೂ ರಾಜಕೀಯದಲ್ಲಿಯೂ ಇರುತ್ತದೆ. ಕುರ್ದಿಸ್ತಾನದ ಒಪ್ಪಂದಗಳು 'ಉತ್ಪಾದನಾ ಹಂಚಿಕೆ ಒಪ್ಪಂದ' ಎಂಬ ಜಾತಿಯವು. ಇದರ ಪ್ರಕಾರ ತೈಲ ಸರ್ಕಾರಕ್ಕೆ ಸೇರಿದ್ದು. ಕಂಪನಿ ತನ್ನ ಹಣದಿಂದ ಬಾವಿ ಕೊರೆದು, ಖರ್ಚಿನ ಮರುಪಾವತಿಯನ್ನೂ ಲಾಭದ ಒಂದು ಭಾಗವನ್ನೂ ತೈಲದ ರೂಪದಲ್ಲಿ ಪಡೆಯುತ್ತದೆ. ಶೈಕಾನ್‌ನ ನಿಯಮಗಳಲ್ಲಿ ನೂರು ಬ್ಯಾರೆಲ್ ಮೇಲೆ ಬಂದರೆ ಮೊದಲು 10 ಬ್ಯಾರೆಲ್ ರಾಯಧನವಾಗಿ ಸರ್ಕಾರಕ್ಕೆ ಸಲ್ಲುತ್ತದೆ. ಉಳಿದ 90ರಲ್ಲಿ ಶೇಕಡ 40ರವರೆಗೆ, ಎಂದರೆ ಗರಿಷ್ಠ 36 ಬ್ಯಾರೆಲ್, ಹಿಂದೆ ಮಾಡಿದ ಖರ್ಚಿನ ಬಾಬತ್ತಿಗೆ ಹೋಗುತ್ತದೆ. ಮಿಕ್ಕ 54 ಬ್ಯಾರೆಲ್ 'ಲಾಭದ ತೈಲ'. ಅದರಲ್ಲಿ ಗುತ್ತಿಗೆದಾರರ ಪಾಲು ಶೇಕಡ 30ರಿಂದ ಆರಂಭವಾಗಿ, ಅವರ ಗಳಿಕೆ ಹೆಚ್ಚಿದಂತೆ ಶೇಕಡ 15ಕ್ಕೆ ಇಳಿಯುತ್ತದೆ. ಈ ಪಾಲಿನಿಂದ ಪ್ರಾಂತೀಯ ಸರ್ಕಾರಕ್ಕೆ ಇನ್ನೊಂದಿಷ್ಟು ಕೊಡಬೇಕು. ಉಳಿದದ್ದರಲ್ಲಿ ಶೇಕಡ 80ರಷ್ಟು ಮಾತ್ರ ಗಲ್ಫ್ ಕೀಸ್ಟೋನ್‌ನದು. ಶೇಕಡ 20 ಪಾಲುದಾರನಾದ ಹಂಗೇರಿಯ ಮೋಲ್ ಕಂಪನಿಗೆ ಸೇರಿದ್ದು. ಹೀಗೆ ಕಳೆಯುತ್ತ ಬಂದರೆ ನೂರರಲ್ಲಿ ಕಂಪನಿಯ ಕೈಗೆ ಹತ್ತುವುದು ಮೂವತ್ತರ ಮೇಲೆ ಕೆಲವು ಬ್ಯಾರೆಲ್‌ಗಳಷ್ಟೆ. ದಿನಕ್ಕೆ ಸುಮಾರು 40 ಸಾವಿರ ಬ್ಯಾರೆಲ್ ಉತ್ಪಾದನೆ ಎಂಬ ತಲೆಬರಹವನ್ನು ಓದಿ ಅದನ್ನು ನೇರವಾಗಿ ಅಂತರರಾಷ್ಟ್ರೀಯ ಬೆಲೆಯಿಂದ ಗುಣಿಸಿದವನ ಲೆಕ್ಕ ಎಷ್ಟು ದೂರ ತಪ್ಪಬಹುದೆಂಬುದು ಇದರಿಂದ ತಿಳಿಯುತ್ತದೆ.

ಹೀಗೆ ಕೈಗೆ ಹತ್ತಬೇಕಾದ ಪಾಲಾದರೂ ಸಕಾಲಕ್ಕೆ ಬರುತ್ತದೆಂಬ ಭರವಸೆಯಿರಲಿಲ್ಲ. ಕುರ್ದಿಸ್ತಾನಕ್ಕೆ ಕಡಲಿಲ್ಲ, ಅದರ ತೈಲ ಕೊಳವೆಮಾರ್ಗದ ಮೂಲಕ ಟರ್ಕಿಯ ಜೈಹಾನ್ ಬಂದರಿಗೆ ಹೋಗಬೇಕು. ಈ ಮಾರ್ಗದ ಬಳಕೆಯ ಬಗ್ಗೆ ಇರಾಕ್ ಸರ್ಕಾರ ಟರ್ಕಿಯ ಮೇಲೆ ಹೂಡಿದ್ದ ಅಂತರರಾಷ್ಟ್ರೀಯ ಪಂಚಾಯ್ತಿಯ ತೀರ್ಪು ಹೊರಬಿದ್ದು, 2023ರ ಮಾರ್ಚ್ 25ರಂದು ಕೊಳವೆ ಮುಚ್ಚಿತು. ಅದಕ್ಕೂ ಮೊದಲಿನ ಹಲವು ತಿಂಗಳ ತೈಲದ ಬಾಕಿಯಾಗಿ ಪ್ರಾಂತೀಯ ಸರ್ಕಾರ ಗಲ್ಫ್ ಕೀಸ್ಟೋನ್‌ಗೆ ಕೊಡಬೇಕಿದ್ದ ಹಣ ಸುಮಾರು 15 ಕೋಟಿ ಡಾಲರ್. ಬಾವಿಗಳಲ್ಲಿ ಯಾವ ದೋಷವೂ ಇರಲಿಲ್ಲ, ಅಂತರರಾಷ್ಟ್ರೀಯ ಬೆಲೆಯೂ ಚೆನ್ನಾಗಿತ್ತು. ಆದರೂ ಕಂಪನಿ ಲಾಭಾಂಶವನ್ನು ನಿಲ್ಲಿಸಿ, ತೈಲವನ್ನು ಲಾರಿಗಳಲ್ಲಿ ತುಂಬಿ ಸ್ಥಳೀಯ ವ್ಯಾಪಾರಿಗಳಿಗೆ ಅಂತರರಾಷ್ಟ್ರೀಯ ದರಕ್ಕಿಂತ ತೀರ ಕಡಿಮೆಗೆ ಮಾರಬೇಕಾಯಿತು. ಈ ಸ್ಥಳೀಯ ಮಾರಾಟ ನೆಲೆಗೊಂಡು 2024ರಲ್ಲಿ ಲಾಭಾಂಶ ಮರಳಿತಾದರೂ, 2025ರ ಜುಲೈನಲ್ಲಿ ಆ ಪ್ರದೇಶದ ತೈಲಕ್ಷೇತ್ರಗಳ ಮೇಲೆ ಡ್ರೋನ್ ದಾಳಿಗಳಾದಾಗ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಲಾಯಿತು. ಕೊಳವೆಮಾರ್ಗ ಮತ್ತೆ ತೆರೆದದ್ದು 2025ರ ಸೆಪ್ಟೆಂಬರ್ 27ರಂದು, ಎಂದರೆ ಎರಡೂವರೆ ವರ್ಷಗಳ ನಂತರ.

ಮೂರನೆಯ ಅಂತರವೇ ಬಿಡಿ ಹೂಡಿಕೆದಾರರನ್ನು ಹೆಚ್ಚು ಕಾಡಿದ್ದು. ಬಾವಿ ಕೊರೆಯುವುದಕ್ಕೂ ಸಂಸ್ಕರಣಾ ಘಟಕ ಕಟ್ಟುವುದಕ್ಕೂ ಬೇಕಾದ ಹಣವನ್ನು ಗಲ್ಫ್ ಕೀಸ್ಟೋನ್ 2012ರಿಂದ 2014ರವರೆಗೆ ಸಾಲಪತ್ರಗಳ ಮೂಲಕ ಎತ್ತಿತ್ತು. ಅದರಲ್ಲಿ ಒಂದು ಕಂತಿನ ಬಡ್ಡಿ ವರ್ಷಕ್ಕೆ ಶೇಕಡ 13ರಷ್ಟಿತ್ತು. ಐಸಿಸ್ ದಂಗೆಯೂ ಪ್ರಾಂತೀಯ ಸರ್ಕಾರದ ಬಾಕಿಯೂ ಒಟ್ಟಿಗೆ ಬಂದು, 2016ರ ಜನವರಿಯಲ್ಲಿ ಕಚ್ಚಾ ತೈಲ 30 ಡಾಲರ್‌ಗಿಂತ ಕೆಳಗಿಳಿದಾಗ ಸಾಲ ತೀರಿಸುವ ದಾರಿ ಮುಚ್ಚಿತು. ಕಂಪನಿ ದಿವಾಳಿಯಾದರೆ ಆಸ್ತಿಯ ಮೇಲೆ ಮೊದಲ ಹಕ್ಕು ಸಾಲ ಕೊಟ್ಟವರದು, ಕೊನೆಯ ಹಕ್ಕು ಷೇರುದಾರರದು ಎಂಬುದು ಎಲ್ಲ ದೇಶಗಳ ಕಂಪನಿ ಕಾನೂನಿನ ಮೂಲತತ್ವ. ಅದರಂತೆ 2016ರಲ್ಲಿ ಆದ ಒಡಂಬಡಿಕೆಯಲ್ಲಿ ಸುಮಾರು 50 ಕೋಟಿ ಡಾಲರ್ ಸಾಲ ಷೇರುಗಳಾಗಿ ಬದಲಾಯಿತು. ಕಂಪನಿಯ ಬಹುಪಾಲು ಒಡೆತನ ಸಾಲಪತ್ರ ಹಿಡಿದವರಿಗೆ ಹೋಗಿ, ಹೊಸದಾಗಿ ಹಣ ಹಾಕದೆ ಉಳಿದ ಹಳೆಯ ಷೇರುದಾರರೆಲ್ಲರ ಒಟ್ಟು ಪಾಲು ಶೇಕಡ ಐದರಷ್ಟಕ್ಕೆ ಕುಗ್ಗಿತು. ಅನಂತರ ನೂರು ಷೇರುಗಳನ್ನು ಸೇರಿಸಿ ಒಂದು ಷೇರು ಮಾಡಲಾಯಿತು. ತೈಲ ಇದ್ದಲ್ಲಿಯೇ ಇತ್ತು, ಬಾವಿಗಳು ನಡೆಯುತ್ತಲೇ ಇದ್ದವು. ಬದಲಾದದ್ದು ಒಡೆತನ ಮಾತ್ರ. ಶೈಕಾನ್ ಒಳ್ಳೆಯ ಕ್ಷೇತ್ರ ಎಂದು 2009ರಿಂದ ವಾದಿಸುತ್ತ ಬಂದವರ ಭೂವಿಜ್ಞಾನ ತಪ್ಪಿರಲಿಲ್ಲ, ಅವರು ಓದದೆ ಬಿಟ್ಟದ್ದು ಸಾಲದ ಷರತ್ತುಗಳನ್ನು.

ಇವುಗಳೊಂದಿಗೆ ಉತ್ಪಾದಕ ಕಂಪನಿಗಳ ಲೆಕ್ಕಪತ್ರದಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೇರೆ ಉದ್ಯಮಗಳಲ್ಲಿ ಷೇರಿನ ಬೆಲೆಯನ್ನು ಷೇರೊಂದರ ವಾರ್ಷಿಕ ಗಳಿಕೆಯಿಂದ ಭಾಗಿಸಿ ಬರುವ ಪಿ.ಇ. ಅನುಪಾತ ಕಡಿಮೆಯಿದ್ದರೆ ಷೇರು ಅಗ್ಗ ಎನ್ನುವ ರೂಢಿಯಿದೆ. ತೈಲ ಕಂಪನಿಯಲ್ಲಿ ಈ ಮಾನದಂಡ ದಾರಿ ತಪ್ಪಿಸುತ್ತದೆ. ಮಾರಿದ ಪ್ರತಿ ಬ್ಯಾರೆಲ್ಲೂ ಕಂಪನಿಯ ಆಸ್ತಿಯಿಂದಲೇ ಕಳೆಯುತ್ತದೆ. ಬಾವಿಯೊಳಗಿನ ಒತ್ತಡ ತಗ್ಗಿ, ತೈಲದೊಡನೆ ನೀರು ಹೆಚ್ಚು ಹೆಚ್ಚಾಗಿ ಬರತೊಡಗಿ, ಹೊಸ ಬಾವಿಗಳನ್ನು ಕೊರೆಯದಿದ್ದರೆ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದ್ದರಿಂದ ಇಲ್ಲಿ ಲಾಭಾಂಶವೆಂದು ಕೈಗೆ ಬರುವ ಹಣದಲ್ಲಿ ಒಂದು ಭಾಗ ಗಳಿಕೆ, ಇನ್ನೊಂದು ಭಾಗ ಹೂಡಿದ ಬಂಡವಾಳವೇ ಮರಳಿ ಬಂದದ್ದು. ಬೆಲೆಯ ಏರಿಳಿತವೂ ಲಾಭದಲ್ಲಿ ಹಿಗ್ಗಿ ಕಾಣಿಸಿಕೊಳ್ಳುತ್ತದೆ. ಒಂದು ಬ್ಯಾರೆಲ್ ತೆಗೆಯಲು ಎಲ್ಲ ಸೇರಿ 40 ಡಾಲರ್ ಖರ್ಚಾಗುವ ಕಂಪನಿಗೆ, ಮಾರಾಟದ ಬೆಲೆ 80 ಡಾಲರ್ ಇದ್ದಾಗ 40 ಡಾಲರ್ ಉಳಿಯುತ್ತದೆ. ಬೆಲೆ 60ಕ್ಕೆ ಇಳಿದರೆ ಉಳಿಯುವುದು 20 ಮಾತ್ರ. ತೈಲದ ಬೆಲೆ ಕಾಲುಭಾಗ ಇಳಿದರೆ ಲಾಭ ಅರ್ಧಕ್ಕೆ ಇಳಿಯುತ್ತದೆ.

ಭಾರತದ ಷೇರುಪೇಟೆಯಲ್ಲಿ ತೈಲ ಕಂಪನಿ ಎಂದೊಡನೆ ಒಎನ್‌ಜಿಸಿ, ಆಯಿಲ್ ಇಂಡಿಯಾ ಮುಂತಾದ ಸರ್ಕಾರಿ ಸಂಸ್ಥೆಗಳೇ ನೆನಪಿಗೆ ಬರುತ್ತವೆ. ಕರ್ನಾಟಕದ ಹೂಡಿಕೆದಾರರಿಗೆ ತೈಲೋದ್ಯಮದ ಹತ್ತಿರದ ಪರಿಚಯವೆಂದರೆ ಮಂಗಳೂರಿನ ಸಂಸ್ಕರಣಾಗಾರ ಮತ್ತು ಮಂಗಳೂರು, ಪಾದೂರುಗಳಲ್ಲಿರುವ ಭೂಗತ ತೈಲ ಸಂಗ್ರಹಾಗಾರಗಳು. ರಾಜ್ಯದಲ್ಲಿ ತೈಲ ಉತ್ಪಾದಿಸುವ ಬಾವಿ ಇಲ್ಲ. ಸಂಸ್ಕರಣಾ ಕಂಪನಿಯ ಲಾಭ ಕಚ್ಚಾ ತೈಲದ ಬೆಲೆಗೂ ಪೆಟ್ರೋಲ್, ಡೀಸೆಲ್ ಮೊದಲಾದ ಉತ್ಪನ್ನಗಳ ಬೆಲೆಗೂ ನಡುವಿನ ಅಂತರದಿಂದ ಬರುತ್ತದೆಯೇ ಹೊರತು ಕಚ್ಚಾ ತೈಲ ದುಬಾರಿಯಾದುದರಿಂದಲ್ಲ. ಬೆಲೆ ಏರಿಕೆಯ ಸುದ್ದಿಯೊಂದೇ ಉತ್ಪಾದಕನಿಗೆ ಶುಭವಾಗಿ, ಬಂಕುಗಳಲ್ಲಿ ಮಾರುವ ಕಂಪನಿಗೆ ಅಶುಭವಾಗಬಹುದು. ಈ ಎರಡು ವ್ಯವಹಾರಗಳನ್ನು 'ತೈಲ ಕಂಪನಿಗಳು' ಎಂಬ ಒಂದೇ ಮಾತಿನಲ್ಲಿ ಸೇರಿಸುವುದು ಸರಿಯಲ್ಲ.

ಪೇಟೆಯ ಪಟ್ಟಿಯಲ್ಲಿರುವ ಸಣ್ಣ ಉತ್ಪಾದಕರಲ್ಲಿ ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿಯದು ಹಳೆಯ ಹೆಸರು. ಎಚ್‌ಡಿಎಫ್‌ಸಿಯ ಸ್ಥಾಪಕರಾದ ಎಚ್.ಟಿ. ಪಾರೇಖ್ ಅವರ ಮುಂದಾಳತ್ವದಲ್ಲಿ 1983ರಲ್ಲಿ ಆರಂಭವಾದ ಈ ಸಂಸ್ಥೆಯ ಮುಖ್ಯ ಕ್ಷೇತ್ರಗಳಲ್ಲಿ ಅಸ್ಸಾಮಿನ ಡಿರೋಕ್ ಅನಿಲ ಕ್ಷೇತ್ರ 2017ರಲ್ಲಿಯೂ, ಮುಂಬೈ ಕಡಲಿನ ಬಿ-80 ಎಂಬ ಕ್ಷೇತ್ರ 2022ರಲ್ಲಿಯೂ ಉತ್ಪಾದನೆ ಆರಂಭಿಸಿದವು. ಬಿ-80 ಕ್ಷೇತ್ರವು, ಸರ್ಕಾರಿ ಕಂಪನಿಗಳು ಪತ್ತೆ ಮಾಡಿಯೂ ಚಿಕ್ಕದೆಂದು ಬಿಟ್ಟಿದ್ದ ಕ್ಷೇತ್ರಗಳನ್ನು ಖಾಸಗಿಯವರಿಗೆ ಹರಾಜು ಹಾಕುವ 2016ರ ಸುತ್ತಿನಲ್ಲಿ ದೊರೆತದ್ದು. ಇಂಥ ಕಂಪನಿಗಳಲ್ಲಿ ಬಾವಿಗಳ ಸಂಖ್ಯೆ ಬೆರಳೆಣಿಕೆಯಷ್ಟು. ಪಶ್ಚಿಮ ಕರಾವಳಿಯ ಕಡಲಿನಲ್ಲಿ ಬಾವಿಯೊಂದಕ್ಕೆ ತೊಂದರೆಯಾದರೆ, ಮುಂಗಾರು ಮುಗಿದು ಕಡಲು ಶಾಂತವಾಗುವವರೆಗೆ ದೊಡ್ಡ ದುರಸ್ತಿ ಮಾಡುವುದು ಕಷ್ಟ. ಆ ತಿಂಗಳುಗಳ ಆದಾಯ ಹೋದಂತೆಯೇ. ಅನಿಲದ ವಿಷಯದಲ್ಲಿ ತೊಡಕು ಬೇರೆ. ತೈಲವನ್ನು ತೊಟ್ಟಿಯಲ್ಲಿ ತುಂಬಿಟ್ಟು ನಾಳೆ ಮಾರಬಹುದು. ಅನಿಲವನ್ನು ಕೊಳ್ಳುವವನ ಕೊಳವೆಗೆ ಬಿಡಬೇಕು, ಅವನು ಬೇಡವೆಂದ ದಿನ ಬಾವಿಯನ್ನು ಬಿಗಿಯಬೇಕು.

ಸರ್ಕಾರದ ನೀತಿಯೂ ಷೇರುದಾರನ ಪಾಲನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಭಾರತದಲ್ಲಿ ಎರಡು ನಿದರ್ಶನಗಳಿವೆ. ಉಕ್ರೇನ್ ಯುದ್ಧದ ನಂತರ ಬೆಲೆ ಏರಿದಾಗ, 2022ರ ಜುಲೈ 1ರಿಂದ, ದೇಶೀಯ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿಯಂತೆ ಆಕಸ್ಮಿಕ ಲಾಭ ತೆರಿಗೆಯನ್ನು ಹೇರಲಾಯಿತು. ಅನಂತರ ಮತ್ತೆ ಮತ್ತೆ ಬದಲಾದ ಈ ತೆರಿಗೆ 2024ರ ಡಿಸೆಂಬರ್‌ನಲ್ಲಿ ರದ್ದಾಯಿತು. ಹಿಂದಿನ ವರ್ಷದ ಉತ್ಪಾದನೆ 20 ಲಕ್ಷ ಬ್ಯಾರೆಲ್‌ಗಿಂತ ಕಡಿಮೆಯಿದ್ದ ಸಣ್ಣ ಉತ್ಪಾದಕರಿಗೆ ಅದರಿಂದ ವಿನಾಯಿತಿ ದೊರೆತಿತ್ತು. ಆ ವಿನಾಯಿತಿಯ ಒಂದು ಸಾಲು ಸಣ್ಣ ಕಂಪನಿಯ ಷೇರುದಾರನಿಗೆ ಯಾವ ಬಾವಿಯ ಸುದ್ದಿಗಿಂತಲೂ ಮಹತ್ವದ್ದಾಗಿತ್ತು. ಎರಡನೆಯದು ಅನಿಲದ ಬೆಲೆ. ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾಗಳಿಗೆ ನಾಮನಿರ್ದೇಶನದಿಂದ ದೊರೆತ ಹಳೆಯ ಕ್ಷೇತ್ರಗಳ ಅನಿಲಕ್ಕೆ, 2023ರ ಏಪ್ರಿಲ್‌ನಿಂದ, ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆಯ ಶೇಕಡ 10ರಷ್ಟನ್ನು ದರವೆಂದು ಗೊತ್ತುಮಾಡಿ, ಶಾಖದ ಅಳತೆಯ ಪ್ರತಿ ಘಟಕಕ್ಕೆ 4 ಡಾಲರ್ ಕನಿಷ್ಠ, 6.5 ಡಾಲರ್ ಗರಿಷ್ಠ ಎಂಬ ಮಿತಿಯನ್ನು ಹಾಕಲಾಯಿತು. ಹೀಗೆ ಯಾವ ಕ್ಷೇತ್ರ ಯಾವ ಕಾಲದ ಯಾವ ಒಪ್ಪಂದದಡಿ ಬಂದದ್ದು ಎಂಬುದರ ಮೇಲೆ ಅದೇ ಅನಿಲಕ್ಕೆ ಬೇರೆ ಬೇರೆ ಬೆಲೆ ಸಿಗುತ್ತದೆ.

ಸುದ್ದಿ ಎಲ್ಲರಿಗೂ ಏಕಕಾಲಕ್ಕೆ ತಲುಪಬೇಕೆಂಬ ಉದ್ದೇಶದಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2015ರಲ್ಲಿ ಹೊರಡಿಸಿದ ನಿಯಮಗಳು, ಷೇರಿನ ಬೆಲೆಯನ್ನು ಪ್ರಭಾವಿಸಬಲ್ಲ ಸಂಗತಿಗಳನ್ನು ಕಂಪನಿಗಳು ಗೊತ್ತುಪಡಿಸಿದ ಅವಧಿಯೊಳಗೆ ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಬೇಕೆಂದು ವಿಧಿಸುತ್ತವೆ. ಒಳಗಿನವರು ಬಹಿರಂಗವಾಗದ ಮಾಹಿತಿಯಿಂದ ವ್ಯಾಪಾರ ಮಾಡುವುದನ್ನು ಅದೇ ವರ್ಷದ ಇನ್ನೊಂದು ನಿಯಮಾವಳಿ ನಿಷೇಧಿಸುತ್ತದೆ. ಆದರೆ ನಿಯಮ ಸುದ್ದಿಯನ್ನು ತಲುಪಿಸಬಹುದೇ ಹೊರತು ಅದರ ಅರ್ಥವನ್ನಲ್ಲ. ಸಣ್ಣ ಕಂಪನಿಯ ಷೇರುಗಳು ದಿನಕ್ಕೆ ಕೈ ಬದಲಾಯಿಸುವುದೇ ಕಡಿಮೆಯಾದ್ದರಿಂದ, ಕೆಟ್ಟ ಸುದ್ದಿ ಬಂದ ದಿನ ಷೇರು ದಿನದ ಕೆಳಮಿತಿಯಾದ ಲೋವರ್ ಸರ್ಕ್ಯೂಟ್ ಮುಟ್ಟಿ ನಿಂತರೆ, ಮಾರಲು ಸಿದ್ಧರಿರುವವರಿಗೆ ಕೊಳ್ಳುವವರೇ ಸಿಗುವುದಿಲ್ಲ. ಒಂದೇ ಷೇರನ್ನು ಬಹುಕಾಲ ಹಿಂಬಾಲಿಸಿದವರಲ್ಲಿ ಇನ್ನೊಂದು ದೌರ್ಬಲ್ಯವೂ ಬೆಳೆಯುತ್ತದೆ. ಕಂಪನಿಯ ಬಗ್ಗೆ ತಿಳಿವಳಿಕೆ ಹೆಚ್ಚಿದಂತೆ ಅದರ ಮೇಲೆ ಮಮಕಾರವೂ ಹೆಚ್ಚಿ, ತಮ್ಮ ಎಣಿಕೆಗೆ ವಿರುದ್ಧವಾದ ಅಂಕಿಯನ್ನು ತಂದವನು ಶತ್ರುವಿನಂತೆ ಕಾಣತೊಡಗುತ್ತಾನೆ. 2014ರ ವರದಿಯನ್ನು ಬರೆದವರನ್ನು ಕೆಲವರು ದೂರಿದ್ದರ ಹಿಂದೆ ಈ ಮಮಕಾರವೂ ಇದ್ದಿರಬಹುದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸಣ್ಣ ತೈಲ ಕಂಪನಿಗಳು ನಿಷ್ಪ್ರಯೋಜಕವೆಂದಲ್ಲ. ದೊಡ್ಡ ಕಂಪನಿಗಳು ಲಾಭವಿಲ್ಲವೆಂದು ಬಿಟ್ಟ ಕ್ಷೇತ್ರಗಳಿಂದ ತೈಲ ತೆಗೆಯುವುದು ಅವುಗಳಿಂದಲೇ ಆಗುವ ಕೆಲಸ. ತನಗೆ ಬೇಕಾದ ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ಭಾರತಕ್ಕೆ ಅದರ ಅಗತ್ಯವೂ ಇದೆ. ಆ ಕೆಲಸಕ್ಕೆ ಬಂಡವಾಳ ಒದಗಿಸುವವನು ಮಾತ್ರ ತಾನು ಕೊಳ್ಳುತ್ತಿರುವುದು ಏನೆಂದು ಅರಿತಿರಬೇಕು. ವಾರ್ಷಿಕ ವರದಿ ಕೈಗೆ ಬಂದಾಗ ಅಧ್ಯಕ್ಷರ ಭಾಷಣವನ್ನು ಆಮೇಲೆ ಓದಬಹುದು. ಮೊದಲು ನೋಡಬೇಕಾದದ್ದು ಮೂರು ಪುಟಗಳು: ಕಂಪನಿಯ ಸ್ವಂತ ಪಾಲಿನ 2ಪಿ ನಿಕ್ಷೇಪ ಕಳೆದ ವರ್ಷಕ್ಕಿಂತ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂದು ಹೇಳುವ ಪುಟ, ಮಾರಿದ ತೈಲದ ಹಣ ಯಾರಿಂದ ಎಷ್ಟು ಬಾಕಿಯಿದೆ ಎಂದು ತೋರಿಸುವ ಪುಟ, ಸಾಲ ಯಾವ ವರ್ಷ ತೀರಬೇಕು ಮತ್ತು ಷೇರುಗಳ ಸಂಖ್ಯೆ ಎಷ್ಟು ಬೆಳೆದಿದೆ ಎಂದು ತಿಳಿಸುವ ಪುಟ. ಈ ಮೂರಕ್ಕೂ ತೃಪ್ತಿಕರ ಉತ್ತರ ಸಿಗದಿದ್ದಲ್ಲಿ, ಬಾವಿಯಲ್ಲಿ ಎಷ್ಟೇ ತೈಲವಿದ್ದರೂ ಆ ಷೇರನ್ನು ಬಿಡಿ ಹೂಡಿಕೆದಾರ ಕೊಳ್ಳದಿರುವುದೇ ಲೇಸು. ಸಿಕ್ಕಿದಲ್ಲಿಯೂ, ಮಕ್ಕಳ ಓದಿಗೋ ಮನೆ ಕಟ್ಟುವುದಕ್ಕೋ ಎತ್ತಿಟ್ಟ ಹಣವನ್ನು ಅದರಲ್ಲಿ ತೊಡಗಿಸತಕ್ಕದ್ದಲ್ಲ.